ತಾಲೂಕು ಆಸ್ಪತ್ರೆಯಲ್ಲಿ ಹಳೇ ಕೇಸ್ ಶೀಟ್ ಹುಡುಕಿಸುವುದು ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. 2021ರ ಕೊನೆಯಲ್ಲಿ ನಮ್ಮ ತಾಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿದ್ದೆವು. ಆಗ ಕೊಟ್ಟ ಡಿಸ್ಚಾರ್ಜ್ ಕಾರ್ಡ್ ಮನೆ ಬದಲಿಸುವಾಗ ಕಳೆದುಹೋಗಿದೆ. ಈಗ ಹೊಟ್ಟೆನೋವು ಎಂದು ಬೆಂಗಳೂರಿನಲ್ಲಿ ತೋರಿಸಿದರೆ, ಆಪರೇಷನ್ ನೋಟ್ಸ್ ಮತ್ತು ಬಯಾಪ್ಸಿ ರಿಪೋರ್ಟ್ ತನ್ನಿ ಎನ್ನುತ್ತಿದ್ದಾರೆ. ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ "ಅಷ್ಟು ಹಳೇದೆಲ್ಲ ಸಿಗಲ್ಲಮ್ಮ" ಎಂದು ಕಳಿಸಿಬಿಡುತ್ತಾರೆ. ಅವರು ಕೊಡಲೇಬೇಕಾ? ಎಷ್ಟು ವರ್ಷ ಇಟ್ಟಿರಬೇಕು? ಅಮ್ಮನಿಗೆ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕಾರ್ಡ್ ಮಾಡಿಸಿದ್ದೇವೆ, ಅದರಲ್ಲಿ ಬರುವುದಿಲ್ಲವಾ?

ಉತ್ತರ: ಸರ್ಕಾರಿ ಆಸ್ಪತ್ರೆಗಳ ರೆಕಾರ್ಡ್ ರೂಮಿನಲ್ಲೇ ನನ್ನ ಸರ್ವಿಸ್ ಕಳೆಯಿತು. ಅದರ ಮೇಲೆ ಹೇಳುತ್ತೇನೆ, ನಿಮ್ಮ ತಾಯಿಯ ಕೇಸ್ ಶೀಟ್ ಹೆಚ್ಚುಕಮ್ಮಿ ಆ ಆಸ್ಪತ್ರೆಯ ಕಾಂಪೌಂಡಿನೊಳಗೇ ಇರುತ್ತದೆ. ಗೆದ್ದಲು, ಮಳೆನೀರಿಗೆ ಹೋಗುವುದು ಇದೆ, ಇಲ್ಲವೆಂದಲ್ಲ. ಆದರೆ ಹಾಗೆ ಹಾಳಾಗುವ ಕಾಗದಕ್ಕಿಂತ, ಎಲ್ಲಿದೆ ಎಂದು ಗೊತ್ತಾಗದೆ ಕೂತಿರುವ ಕಾಗದವೇ ಜಾಸ್ತಿ. ಹಾಗಾಗಿ ನಿಮ್ಮ ಕೆಲಸ ಜಗಳ ಮಾಡುವುದಕ್ಕಿಂತ ಮೊದಲು ಅವರಿಗೆ ಹುಡುಕಲು ಒಂದು ಕೊಂಡಿ ಕೊಡುವುದು. ಆ ಕೊಂಡಿ ಅಂದರೆ ಐಪಿ (ಒಳರೋಗಿ) ನಂಬರ್, ಅದಿಲ್ಲದಿದ್ದರೆ ಡಿಸ್ಚಾರ್ಜ್ ಆದ ತಾರೀಖು.

ಯಾಕೆ ಅಂತ ಹೇಳಬೇಕಾದರೆ ಆ ರೂಮಿನ ಒಳಗೆ ಕರೆದುಕೊಂಡು ಹೋಗಬೇಕು. ರೋಗಿ ಅಡ್ಮಿಟ್ ಆದಾಗ ಒಂದು ಐಪಿ ನಂಬರ್ ಬೀಳುತ್ತದೆ. ಮನೆಗೆ ಹೋದ ಮೇಲೆ ವಾರ್ಡಿನ ಸಿಸ್ಟರ್ ಕೇಸ್ ಶೀಟಿನ ಹಾಳೆಗಳನ್ನು ಜೋಡಿಸುತ್ತಾರೆ. ಅಡ್ಮಿಷನ್ ಹಾಳೆ, ಡಾಕ್ಟರ್ ಬರೆದದ್ದು, ನರ್ಸ್ ಬರೆದದ್ದು, ಜ್ವರದ ಚಾರ್ಟ್, ಲ್ಯಾಬ್ ರಿಪೋರ್ಟ್, ಒಪ್ಪಿಗೆ ಪತ್ರ, ಅರಿವಳಿಕೆ ಹಾಳೆ, ಆಪರೇಷನ್ ನೋಟ್ಸ್, ಕೊನೆಗೆ ಡಿಸ್ಚಾರ್ಜ್ ಸಮ್ಮರಿ. ಮೂಲೆಗೆ ತೂತು ಹಾಕಿ ಒಂದು ಟ್ಯಾಗ್ ಕಟ್ಟುತ್ತಾರೆ. ಅದು ರೆಕಾರ್ಡ್ ಸೆಕ್ಷನ್ನಿಗೆ ಹೋಗಬೇಕು. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಇದಕ್ಕೆಂದೇ ಎಂಆರ್‌ಡಿ ಎಂಬ ವಿಭಾಗ, ತರಬೇತಿ ಆದ ಸಿಬ್ಬಂದಿ ಇರುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಬಹಳ ಕಡೆ ಸಂಬಳದ ಬಿಲ್ಲು ಬರೆಯುವ ಗುಮಾಸ್ತರೋ ಡೇಟಾ ಎಂಟ್ರಿ ಹುಡುಗನೋ ಇದನ್ನೂ ನೋಡಿಕೊಳ್ಳುತ್ತಾರೆ. ಅವರು ಡಿಸ್ಚಾರ್ಜ್ ಆದ ತಿಂಗಳಿನ ಪ್ರಕಾರ ಗಂಟು ಕಟ್ಟಿ, ಮೇಲೆ ಒಂದು ಚೀಟಿ ಅಂಟಿಸಿ, ರ‍್ಯಾಕಿಗೆ ಏರಿಸುತ್ತಾರೆ. ಚೀಟಿ ಬಿದ್ದುಹೋದರೆ ಆ ಗಂಟಿಗೆ ಹೆಸರಿಲ್ಲ.

ಈಗ ನೀವು ಹೋಗಿ "ನಮ್ಮಮ್ಮನಿಗೆ ಮೂರ್ನಾಲ್ಕು ವರ್ಷದ ಹಿಂದೆ ಆಪರೇಷನ್ ಆಗಿತ್ತು, ಹೆಸರು ಲಕ್ಷ್ಮಮ್ಮ" ಎನ್ನುತ್ತೀರಿ ಎಂದುಕೊಳ್ಳಿ. ಅವರು ಎಷ್ಟು ಗಂಟು ಬಿಚ್ಚಬೇಕು ಹೇಳಿ? ಒಂದೇ ವಾರ್ಡಿನಲ್ಲಿ ಒಂದೇ ವಾರ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರನ್ನು "ಕೋಂ ಸಿದ್ದೇಗೌಡ" ಎಂದು ಬರೆದಿರುತ್ತಾರೆ, ಇನ್ನೊಬ್ಬರಿಗೆ ಗಂಡನ ಹೆಸರೇ ಬರೆದಿರುವುದಿಲ್ಲ. ವಯಸ್ಸು ಬಾಯಲ್ಲಿ ಹೇಳಿದ್ದು. ವೋಟರ್ ಕಾರ್ಡಿಗೂ ಅದಕ್ಕೂ ನಾಲ್ಕೈದು ವರ್ಷ ವ್ಯತ್ಯಾಸ. ಊರು ಎಂದರೆ ಕೆಲವರು ತವರು ಹೇಳುತ್ತಾರೆ, ಕೆಲವರು ಗಂಡನ ಊರು. ಕಂಪ್ಯೂಟರಿಗೆ ಹಾಕಿದ್ದರೂ ಪೂರ್ತಿ ಸಲೀಸಲ್ಲ. ಅದೇ ಲಕ್ಷ್ಮಮ್ಮನಿಗೆ ಇಂಗ್ಲಿಷಿನಲ್ಲಿ ಒಬ್ಬರು ಎಕ್ಸ್ ಹಾಕುತ್ತಾರೆ, ಒಬ್ಬರು ಕೆ ಎಸ್ ಎಚ್ ಹಾಕುತ್ತಾರೆ, ಮತ್ತೊಬ್ಬರು ಒಂದು ಎಂ ಬಿಟ್ಟುಬಿಡುತ್ತಾರೆ. ನಂಬರ್ ಒಂದಿದ್ದರೆ ಈ ಯಾವ ತಲೆನೋವೂ ಇಲ್ಲ.

ನಂಬರ್ ಇದ್ದ ಕಾಗದವೇ ಕಳೆದಿದೆ ಅಲ್ವಾ? ಪರವಾಗಿಲ್ಲ. ಮನೆಯಲ್ಲೇ ಇನ್ನೂ ಕೆಲವು ಕಡೆ ಅದು ಸಿಗಬಹುದು. ಡಿಸ್ಚಾರ್ಜ್ ದಿನ ಕಾರ್ಡಿನ ಫೋಟೋ ತೆಗೆದು ಮಾತ್ರೆ ತರಲು ಯಾರಿಗಾದರೂ ವಾಟ್ಸಾಪ್ ಮಾಡಿದ್ದಿರಾ, ನೋಡಿ. ಸ್ಕ್ಯಾನಿಂಗ್ ಅಥವಾ ರಕ್ತ ಪರೀಕ್ಷೆಯ ರಿಪೋರ್ಟಿನ ಮೂಲೆಯಲ್ಲಿ ಐಪಿ ನಂಬರ್ ಇರುತ್ತದೆ. ರಕ್ತ ಕೊಡಿಸಿದ್ದರೆ ಬ್ಲಡ್ ಬ್ಯಾಂಕಿನ ಚೀಟಿಯಲ್ಲಿ ಇರುತ್ತದೆ. ಆರೋಗ್ಯ ರಕ್ಷಾ ಸಮಿತಿಯ ಹೆಸರಲ್ಲಿ ದುಡ್ಡು ಕಟ್ಟಿಸಿಕೊಂಡ ರಸೀದಿ ಇದ್ದರೆ ಅದರಲ್ಲಿ ತಾರೀಖಂತೂ ಇದ್ದೇ ಇರುತ್ತದೆ. ಇನ್ನೊಂದು, 2021 ಕೋವಿಡ್ ಕಾಲ. ಆಪರೇಷನ್ನಿಗೆ ಮುಂಚೆ ಗಂಟಲ ದ್ರವ ತೆಗೆದು ಟೆಸ್ಟ್ ಮಾಡಿಸುತ್ತಿದ್ದರು. ಆಗ ಎಸ್‌ಆರ್‌ಎಫ್ ಐಡಿ ಎಂದು ಒಂದು ಎಸ್ಸೆಮ್ಮೆಸ್ ಬರುತ್ತಿತ್ತು. ಮನೆಯ ಯಾರದಾದರೂ ಹಳೇ ಫೋನಿನಲ್ಲಿ ಅದು ಇನ್ನೂ ಇದ್ದರೆ, ಆಪರೇಷನ್ ತಾರೀಖು ಅದರ ಆಜುಬಾಜು ಎಂದು ಗೊತ್ತಾಗುತ್ತದೆ.

ಅಂದಾಜು ತಾರೀಖು ಸಿಕ್ಕರೆ ಸಾಕು, ಕೇಸ್ ಶೀಟ್ ಬಿಟ್ಟು ರಿಜಿಸ್ಟರ್ ಕೇಳಿ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ಒಂದು ಆಪರೇಷನ್ ಆದರೆ ಅದು ಕೇಸ್ ಶೀಟಿನಲ್ಲಿ ಮಾತ್ರ ಇರುವುದಿಲ್ಲ. ವಾರ್ಡಿನ ಅಡ್ಮಿಷನ್-ಡಿಸ್ಚಾರ್ಜ್ ರಿಜಿಸ್ಟರಿನಲ್ಲಿ ಒಂದು ಸಾಲು, ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರಿನಲ್ಲಿ ಒಂದು ಸಾಲು, ಲ್ಯಾಬಿನಲ್ಲಿ ಒಂದು ಸಾಲು. ಓಟಿ ರಿಜಿಸ್ಟರ್ ದಪ್ಪ ರಟ್ಟಿನ ಪುಸ್ತಕ. ತಾರೀಖು, ಹೆಸರು, ವಯಸ್ಸು, ಐಪಿ ನಂಬರ್, ಕಾಯಿಲೆ, ಮಾಡಿದ ಆಪರೇಷನ್, ಸರ್ಜನ್, ಅರಿವಳಿಕೆ ಕೊಟ್ಟವರು, ಯಾವ ಅರಿವಳಿಕೆ, ಜೊತೆಗಿದ್ದ ಸಿಸ್ಟರ್, ಕೊನೆಗೆ ಷರಾ. ಇದು ಓಟಿ ಸಿಸ್ಟರ್ ಇನ್‌ಚಾರ್ಜ್ ಅವರ ಬೀರುವಿನಲ್ಲಿರುತ್ತದೆ, ರೆಕಾರ್ಡ್ ರೂಮಿನ ಗಂಟುಗಳ ಹಾಗೆ ಅಲೆಯುವುದಿಲ್ಲ. 2021ರಲ್ಲಿ ಒಂದು ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮನ್ನೇ ಖಾಲಿ ಮಾಡಿ ಪಿಪಿಇ ಕಿಟ್ ತುಂಬಿದ್ದನ್ನು ನಾನೇ ನೋಡಿದ್ದೇನೆ. ಗಂಟುಗಳೆಲ್ಲ ಜನರೇಟರ್ ಶೆಡ್ಡಿಗೆ ಹೋಗಿದ್ದವು. ಓಟಿ ರಿಜಿಸ್ಟರ್ ಮಾತ್ರ ಇದ್ದಲ್ಲೇ ಇತ್ತು.

ಆ ಷರಾ ಕಾಲಮ್ಮಿನಲ್ಲಿ ನಿಮಗೆ ಬೇಕಾದ ಒಂದು ಮಾತು ಇರುತ್ತದೆ: "ಎಚ್‌ಪಿಇಗೆ ಕಳಿಸಿದೆ". ತೆಗೆದ ಗರ್ಭಕೋಶವನ್ನು ಹಿಸ್ಟೊಪೆಥಾಲಜಿ ಪರೀಕ್ಷೆಗೆ ಕಳಿಸಿದ್ದಾರೆ ಎಂದು ಅರ್ಥ. ನೀವು ಬಯಾಪ್ಸಿ ಎನ್ನುತ್ತಿರುವುದು ಇದನ್ನೇ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ. ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿನ ಪೆಥಾಲಜಿಗೋ ಹೋಗುತ್ತದೆ. ಎಷ್ಟೋ ಸಲ ಫಾರ್ಮಲಿನ್ ಹಾಕಿದ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು "ಈ ಲ್ಯಾಬಿಗೆ ಕೊಟ್ಟುಬನ್ನಿ" ಎನ್ನುತ್ತಾರೆ. ನಿಮ್ಮ ತಂದೆಯನ್ನೋ ಅಣ್ಣನನ್ನೋ ಕೇಳಿ ನೋಡಿ, ಬಸ್ಸಿನಲ್ಲಿ ಡಬ್ಬಿ ಹಿಡಿದು ಹೋದದ್ದು ಯಾರೂ ಮರೆಯುವುದಿಲ್ಲ. ಯಾವ ಲ್ಯಾಬ್ ಎಂದು ಅಲ್ಲೇ ಗೊತ್ತಾಗುತ್ತದೆ.

ಲ್ಯಾಬ್ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪೆಥಾಲಜಿ ಲ್ಯಾಬುಗಳಿಗೆ ತಮ್ಮದೇ ನಂಬರ್ ಇರುತ್ತದೆ, ರಿಪೋರ್ಟಿನ ಪ್ರತಿ ಅವರ ಹತ್ತಿರವೂ ಇರುತ್ತದೆ. ರಿಪೋರ್ಟ್ ಸಿಗದಿದ್ದರೂ ಆಟ ಮುಗಿಯುವುದಿಲ್ಲ. ಮಾಂಸದ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ, ಅದರಿಂದ ಕೂದಲಿಗಿಂತ ತೆಳ್ಳಗಿನ ಪದರ ಕತ್ತರಿಸಿ, ಸ್ಲೈಡ್ ಮಾಡಿ ನೋಡಿರುತ್ತಾರೆ. ಆ ಮೇಣದ ಬ್ಲಾಕ್ ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಕೆಡುವುದಿಲ್ಲ. ಲ್ಯಾಬಿನವರು ಅದನ್ನು ಹಲವು ವರ್ಷ ಎತ್ತಿಟ್ಟಿರುತ್ತಾರೆ. ಅರ್ಜಿ ಕೊಟ್ಟು, ಸಹಿ ಹಾಕಿ ತಂದರೆ ಬೆಂಗಳೂರಿನ ಪೆಥಾಲಜಿಯವರು ಹೊಸದಾಗಿ ಸ್ಲೈಡ್ ಮಾಡಿ ನೋಡುತ್ತಾರೆ. ನಿಮ್ಮ ಡಾಕ್ಟರಿಗೆ ಹಳೇ ರಿಪೋರ್ಟಿಗಿಂತ ಇದೇ ಇಷ್ಟವಾಗಬಹುದು. ನಾನಾಗಿದ್ದರೆ ಕೇಸ್ ಶೀಟಿಗೆ ಅರ್ಜಿ ಹಾಕಿ, ಅದಕ್ಕೆ ಕಾಯದೆ ಅದೇ ವಾರ ಈ ಲ್ಯಾಬಿಗೂ ಹೋಗುತ್ತಿದ್ದೆ.

ಆಪರೇಷನ್ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಗಿದ್ದರೆ ಇನ್ನೊಂದು ದಾರಿಯೂ ಇದೆ. ಆಸ್ಪತ್ರೆಗೆ ಹಣ ಬರಬೇಕಾದರೆ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಪೋರ್ಟಲ್ಲಿಗೆ ಹಾಕಲೇಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ರೇಷನ್ ಕಾರ್ಡ್ ಅಥವಾ ಆಧಾರ್ ನಂಬರ್ ಕೊಟ್ಟರೆ ಆ ಕೇಸು ಇದೆಯಾ ಇಲ್ಲವಾ ಎಂದು ನೋಡಬಲ್ಲರು.

ಇನ್ನು ಕೊಡಲೇಬೇಕಾ ಎಂಬ ಪ್ರಶ್ನೆ. ಕೊಡಲೇಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ರೋಗಿಯೋ ರೋಗಿ ಒಪ್ಪಿ ಕಳಿಸಿದವರೋ ದಾಖಲೆ ಕೇಳಿದರೆ ಸ್ವೀಕೃತಿ ಕೊಡಬೇಕು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಸರ್ಕಾರಿ ಡಾಕ್ಟರೂ ನೋಂದಾಯಿತ ಡಾಕ್ಟರೇ, ಅವರಿಗೂ ಇದು ಅನ್ವಯ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂದಿತ್ತು. ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು, ಹಾಗಾಗಿ 2002ರದ್ದೇ ನಡೆಯುತ್ತಿದೆ. ಅದಕ್ಕೂ ಮೊದಲು, 1996ರಲ್ಲೇ ಬಾಂಬೆ ಹೈಕೋರ್ಟ್ ರೋಗಿಗೆ ತನ್ನ ದಾಖಲೆಯ ಪ್ರತಿ ಕೊಡುವುದಿಲ್ಲ ಎನ್ನುವಂತಿಲ್ಲ ಎಂದು ಹೇಳಿದೆ. ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ ಎಂದು ಹೆದರಿಸಲು ಮಾತ್ರ ಹೋಗಬೇಡಿ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯ್ದೆಯ ಹೊರಗಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಗುಮಾಸ್ತರಿಗೂ ಅದು ಗೊತ್ತಿರುತ್ತದೆ.

ಎಷ್ಟು ವರ್ಷ ಎಂಬುದರಲ್ಲಿ ಗೊಂದಲ ಜಾಸ್ತಿ. ಅದೇ 2002ರ ನಿಯಮದಲ್ಲಿ ಅಡ್ಮಿಟ್ ಆದ ರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಎಂದಿದೆ. ನಿಮ್ಮ ತಾಯಿಯ ಲೆಕ್ಕದಲ್ಲಿ ಅದು ಮುಗಿದಿದೆ. ಆದರೆ 3 ವರ್ಷ ಎಂಬುದು ಕನಿಷ್ಠ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದ 1968ರ ಹಳೇ ಪತ್ರವೊಂದು ಒಳರೋಗಿಗಳ ದಾಖಲೆಗೆ 10 ವರ್ಷ, ಹೊರರೋಗಿಗಳದ್ದಕ್ಕೆ 5 ವರ್ಷ ಎನ್ನುತ್ತದೆ. ರೆಕಾರ್ಡ್ ಕೆಲಸ ಕಲಿತವರೆಲ್ಲ ಅದನ್ನೇ ಓದಿಕೊಂಡು ಬಂದವರು. ಪೊಲೀಸ್ ಕೇಸಿನದ್ದನ್ನು, ಅಂದರೆ ಎಂಎಲ್‌ಸಿಯದ್ದನ್ನು, ಕೋರ್ಟಿನಲ್ಲಿ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಇಷ್ಟಕ್ಕೂ ಸರ್ಕಾರಿ ದಾಖಲೆಯನ್ನು ಸುಮ್ನೆ ಗುಜರಿಗೆ ಹಾಕಲು ಬರುವುದಿಲ್ಲ. ನಾಶ ಮಾಡಿದ್ದರೆ ಯಾವ ವರ್ಷದ್ದು, ಯಾರ ಆದೇಶ, ಯಾವ ತಾರೀಖು ಎಂದು ಒಂದು ಪಟ್ಟಿ ಇರಬೇಕು. "ಹಾಳಾಗಿದೆ" ಎಂದು ಬಾಯಲ್ಲಿ ಹೇಳಿದರೆ ಆ ಪಟ್ಟಿ ತೋರಿಸಿ ಎಂದು ಕೇಳಿ. ಪಟ್ಟಿ ಇಲ್ಲವೆಂದರೆ ಕೇಸ್ ಶೀಟ್ ಇನ್ನೂ ಅಲ್ಲೇ ಇದೆ ಎಂದೇ ಹುಡುಕಬೇಕು.

ಅರ್ಜಿಯನ್ನು ತಾಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯವರ ಹೆಸರಿಗೆ ಬರೆಯಿರಿ. ಕೌಂಟರಿನಲ್ಲಿ ನಿಂತು ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ. ಅರ್ಜಿದಾರರು ನಿಮ್ಮ ತಾಯಿಯೇ ಆಗಲಿ. ಅವರ ಸಹಿ ಅಥವಾ ಹೆಬ್ಬೆಟ್ಟು, ಆಧಾರ್ ಜೆರಾಕ್ಸ್, ಜೊತೆಗೆ "ನನ್ನ ಮಗಳಿಗೆ ಕೊಡಿ" ಎಂದು ಒಂದು ಸಾಲು ಮತ್ತು ನಿಮ್ಮ ಗುರುತಿನ ಚೀಟಿ. ಮಗಳು ಎಂದ ಮಾತ್ರಕ್ಕೆ ಕೊಡುವುದಿಲ್ಲ, ಕೊಡಲೂಬಾರದು. ಹೆಣ್ಣುಮಗಳೊಬ್ಬಳ ಕೇಸ್ ಶೀಟನ್ನು ಯಾರೋ ಸಂಬಂಧಿಕರು ಬಂದು ಕೇಳಿ ಒಯ್ದರೆ ಏನೇನಾಗುತ್ತದೆ ಎಂದು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಎಚ್ಐವಿ ವಿಷಯವಂತೂ 2017ರ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಕೇಸ್ ಶೀಟಿನ ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆಯುವ ಚಾಳಿ ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಿ, ಇದು ಓದುತ್ತಿರುವ ಸಿಸ್ಟರ್‌ಗಳಿಗೆ.

ಅರ್ಜಿಯ ಒಕ್ಕಣೆ ಚಿಕ್ಕದಿರಲಿ. "ನಾನು ಇಂಥ ತಿಂಗಳ ಇಂಥ ತಾರೀಖಿನ ಆಸುಪಾಸು ತಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆಗಿದೆ. ಮುಂದಿನ ಚಿಕಿತ್ಸೆಗೆ ಬೇಕಾಗಿರುವುದರಿಂದ ಕೇಸ್ ಶೀಟ್, ಆಪರೇಷನ್ ನೋಟ್ಸ್, ಹಿಸ್ಟೊಪೆಥಾಲಜಿ ವರದಿಯ ದೃಢೀಕೃತ ಪ್ರತಿ ಕೊಡಬೇಕು. ಕೇಸ್ ಶೀಟ್ ತಕ್ಷಣ ಸಿಗದಿದ್ದಲ್ಲಿ ಓಟಿ ರಿಜಿಸ್ಟರ್ ಮತ್ತು ವಾರ್ಡ್ ರಿಜಿಸ್ಟರಿನ ನನ್ನ ಸಾಲಿನ ಪ್ರತಿ ಕೊಡಬೇಕು." ಕೊನೇ ವಾಕ್ಯ ಬಿಡಬೇಡಿ. ನನ್ನ ಸಾಲಿನ ಎಂದು ಯಾಕೆಂದರೆ ಆ ಪುಟದಲ್ಲಿ ಬೇರೆ ಹೆಂಗಸರ ಹೆಸರೂ ಇರುತ್ತದೆ, ಅದನ್ನು ಮುಚ್ಚಿ ಜೆರಾಕ್ಸ್ ತೆಗೆಯಬೇಕು. ಎರಡು ಪ್ರತಿ ಮಾಡಿ, ಆಸ್ಪತ್ರೆ ಆಫೀಸಿನಲ್ಲಿ ಟಪಾಲು ತೆಗೆದುಕೊಳ್ಳುವವರ ಹತ್ತಿರ ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. 72 ಗಂಟೆ ಎಣಿಸುವುದು ಅಲ್ಲಿಂದ.

ಸಾಮಾನ್ಯವಾಗಿ ಇಷ್ಟಕ್ಕೇ ಕೆಲಸ ಆಗುತ್ತದೆ. ಆಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಪ್ರತಿ ಇಟ್ಟರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉದ್ದುದ್ದ ದೂರು ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ವೈಯಕ್ತಿಕ ಮಾಹಿತಿ ಕೊಡಲಾಗದು ಎಂಬ ವಿನಾಯಿತಿಯನ್ನು ನಿಮ್ಮ ತಾಯಿಯ ಮುಂದೆ ಅವರದ್ದೇ ಮಾಹಿತಿಗೆ ಹೇಳಲು ಬರುವುದಿಲ್ಲ, ಅದಕ್ಕೇ ಅರ್ಜಿ ಅವರ ಹೆಸರಲ್ಲೇ ಇರಲಿ ಎಂದದ್ದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಕರ್ನಾಟಕ ಮಾಹಿತಿ ಆಯೋಗ. ಕಡತ ಸಿಗುತ್ತಿಲ್ಲ ಎಂದರೆ ಅಷ್ಟಕ್ಕೆ ಮುಗಿಯಲಿಲ್ಲ. ಒಮ್ಮೆ ಇದ್ದ ದಾಖಲೆ ಕಾಣೆಯಾಗಿದೆ ಎಂದರೆ ಹುಡುಕಿಸಬೇಕು, ಸಿಗದಿದ್ದರೆ ಯಾರ ಹೊಣೆ ಎಂದು ವಿಚಾರಣೆ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಇದೆಲ್ಲ ತಿಂಗಳುಗಟ್ಟಲೆ ಎಳೆಯುವ ದಾರಿ. ನಿಮ್ಮ ತಾಯಿಯ ಚಿಕಿತ್ಸೆ ಇದಕ್ಕೆ ಕಾಯಬಾರದು.

ಗುಮಾಸ್ತರ ಕಡೆಯಿಂದಲೂ ಒಂದು ಮಾತು. ಮೇಲಿನ ಆಫೀಸಿನವರು ಪ್ರತಿ ತಿಂಗಳು ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್, ಎಷ್ಟು ಡೆಂಗಿ ಎಂದು ಲೆಕ್ಕ ಕೇಳುತ್ತಾರೆ. ಆ ಲೆಕ್ಕವನ್ನು ಎಚ್‌ಎಂಐಎಸ್ ಎಂಬ ಸರ್ಕಾರಿ ಪೋರ್ಟಲ್ಲಿಗೆ ಹಾಕುವುದು ಒಂದು ದಿನ ತಡವಾದರೆ ಫೋನ್ ಬರುತ್ತದೆ. ಹೋದ ವರ್ಷದ ಕೇಸ್ ಶೀಟ್ ಎಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದ ಕೆಲಸಕ್ಕೆ ಜನ ಇಲ್ಲ, ರ‍್ಯಾಕ್ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ನಂಬರಿನ ಕೊನೇ ಎರಡು ಅಂಕಿ ನೋಡಿ ಜೋಡಿಸುವ ಪದ್ಧತಿ ಇದೆ. 24-57-83 ಎಂದಿದ್ದರೆ ಅದು 83ರ ರ‍್ಯಾಕಿಗೆ ಹೋಗುತ್ತದೆ. 00ಯಿಂದ 99ರವರೆಗೆ ನೂರು ಭಾಗ, ಹೊಸ ಫೈಲುಗಳು ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ನೂರು ಹಾಸಿಗೆಯ ತಾಲೂಕು ಆಸ್ಪತ್ರೆಗೆ ಇಷ್ಟೆಲ್ಲ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷ, ಐಪಿ ನಂಬರಿನ ಸಾಲು, ಇಷ್ಟು ಸಾಕು. ಆದರೆ ಒಂದು ಫೈಲ್ ಹೊರಗೆ ತೆಗೆದರೆ ಆ ಜಾಗದಲ್ಲಿ ಯಾರು ಒಯ್ದರು, ಯಾವತ್ತು ಎಂದು ಬರೆದ ರಟ್ಟು ಇಡಲೇಬೇಕು. ಡಾಕ್ಟರ್ ಕೋರ್ಟಿಗೆಂದು ಒಯ್ದ ಫೈಲು ಅವರ ಟ್ರಾನ್ಸ್‌ಫರ್ ಜೊತೆಗೇ ಮಾಯವಾಗುವುದು ಈ ಒಂದು ರಟ್ಟು ಇಲ್ಲದೆ.

ಕೊನೆಗೆ ಆಭಾ. 14 ಅಂಕಿಯ ಆ ನಂಬರ್ ಒಂದು ಕೀಲಿ ಇದ್ದಂತೆ, ಬೀಗದ ಹಿಂದೆ ಏನಾದರೂ ಇಟ್ಟಿದ್ದರೆ ಮಾತ್ರ ಉಪಯೋಗ. ಈ ವ್ಯವಸ್ಥೆಯನ್ನು ದೇಶದಾದ್ಯಂತ ಶುರು ಮಾಡಿದ್ದು 2021ರ ಸೆಪ್ಟೆಂಬರಿನಲ್ಲಿ. ನಿಮ್ಮ ತಾಯಿಯ ಆಪರೇಷನ್ ಆದದ್ದೂ ಅದೇ ವರ್ಷದ ಕೊನೆಗೆ. ಆಗ ಯಾವ ತಾಲೂಕು ಆಸ್ಪತ್ರೆಯ ಕೇಸ್ ಶೀಟೂ ಅದಕ್ಕೆ ಸೇರಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಹಳೇ ಕಾಗದ ತಾನಾಗಿ ಹೋಗಿ ಅಲ್ಲಿ ಕೂರುವುದಿಲ್ಲ. ದಾಖಲೆಗಳೆಲ್ಲ ದೆಹಲಿಯಲ್ಲಿ ಒಂದೇ ಕಡೆ ಇರುತ್ತವೆ ಎಂದು ಕೆಲವರು ತಿಳಿದಿದ್ದಾರೆ, ಅದೂ ಹಾಗಿಲ್ಲ. ಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲೇ ಇರುತ್ತವೆ, ನೀವು ಫೋನಿನಲ್ಲಿ ಒಪ್ಪಿಗೆ ಕೊಟ್ಟಾಗ ಇನ್ನೊಬ್ಬ ಡಾಕ್ಟರಿಗೆ ಕಾಣಿಸುತ್ತವೆ. ಈಗಲೂ ಬಹಳ ಕಡೆ ಕಂಪ್ಯೂಟರ್ ಇರುವುದು ಚೀಟಿ ಕೊಡುವ ಕೌಂಟರಿನಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ, ಹೆಸರು-ವಯಸ್ಸು ಕಾರ್ಡಿನಲ್ಲಿದ್ದ ಹಾಗೇ ದಾಖಲಾಗುತ್ತದೆ. ಲಕ್ಷ್ಮಮ್ಮಂದಿರ ಸಮಸ್ಯೆಗೆ ಅದು ಒಳ್ಳೇ ಮದ್ದು, ನಾನು ಅದರ ಪರ. ಆದರೆ ಒಳಗೆ ಡಾಕ್ಟರ್ ಪೆನ್ನಿನಲ್ಲೇ ಬರೆಯುತ್ತಿದ್ದರೆ ಕಂಪ್ಯೂಟರಿನಲ್ಲಿ ಉಳಿಯುವುದು ಹೆಸರು, ತಾರೀಖು, ವಿಭಾಗ, ಇಷ್ಟೇ. ಮತ್ತೆ ಆಭಾ ಕಡ್ಡಾಯವಲ್ಲ. ಅದಿಲ್ಲ ಎಂದು ಯಾರೂ ಚಿಕಿತ್ಸೆ ನಿರಾಕರಿಸುವಂತಿಲ್ಲ.

ನೀವು ಮಾಡಬಹುದಾದದ್ದು, ಈಗ ಸಿಗುವ ಕಾಗದಗಳ ಫೋಟೋವನ್ನು ಆಭಾ ಆ್ಯಪಿಗೆ ನೀವೇ ಹಾಕಿಡುವುದು. ಬೆಂಗಳೂರಿನ ರಿಪೋರ್ಟುಗಳನ್ನೂ ಸೇರಿಸಿ. ನಾಳೆ ಓಟಿ ರಿಜಿಸ್ಟರಿನ ಸಾಲು ಸಿಕ್ಕರೆ ಅದರಲ್ಲಿರುವ ಐಪಿ ನಂಬರನ್ನು ಮೊದಲು ನಿಮ್ಮ ಅರ್ಜಿಯ ಪ್ರತಿಯ ಮೇಲೆ ಬರೆದುಕೊಂಡು, ಅದನ್ನು ಹಿಡಿದು ರೆಕಾರ್ಡ್ ರೂಮಿನವರ ಹತ್ತಿರ ಇನ್ನೊಮ್ಮೆ ಹೋಗಿ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಬೆಳಗಿನ ಒಪಿಡಿ ಗಲಾಟೆಯಲ್ಲಿ ಯಾರಿಗೂ ಗಂಟು ಬಿಚ್ಚುವ ಪುರುಸೊತ್ತು ಇರುವುದಿಲ್ಲ.